ಮತ ಅವರದು, ವೀಸಾ ನಮ್ಮದು

ಚುನಾವಣೆ ಎಲ್ಲೇ ನಡೆಯಲಿ, ಫಲಿತಾಂಶ ಬಂದ ವಾರದಲ್ಲೇ ನನಗೆ ಒಂದೇ ತೆರನಾದ ಪ್ರಶ್ನೆಗಳು ಬರತೊಡಗುತ್ತವೆ. 2024ರ ನವೆಂಬರಿನಲ್ಲಿ ಟ್ರಂಪ್ ಗೆದ್ದಾಗ ಬೆಂಗಳೂರಿನ ಬಂಧುಗಳು ಎಚ್-1ಬಿ ಗತಿ ಏನಾಗಬಹುದು ಎಂದು ಕೇಳಿದರು. 2023ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಸರ್ಕಾರ ಬದಲಾದಾಗ ಕುಂದಾಪುರದ ಕಡೆಯವರು, 'ಗಲ್ಫಿನಲ್ಲಿ ಇದ್ದವರಿಗೆ ಎಂತಾದರೂ ಮಾಡ್ತಾರಂತಾ?' ಎಂದರು. ಅದೇ ವರ್ಷ ಅಕ್ಟೋಬರಿನಲ್ಲಿ ಒಮಾನಿನ ಸಲಹಾ ಸಭೆಯಾದ ಶೂರಾ ಮಂಡಳಿಗೆ ಮತದಾನ ನಡೆದಾಗ ಇಲ್ಲಿನ ಕ್ಯಾಂಪುಗಳಿಂದ ಬಂದ ಪ್ರಶ್ನೆ ಇನ್ನೂ ನೇರವಾಗಿತ್ತು: 'ಅಣ್ಣಾ, ಇನ್ನು ನಮ್ಮನ್ನೆಲ್ಲ ಕಳಿಸಿಬಿಡ್ತಾರಾ?'

ನಾನಿರುವುದು ಘಾಲಾದಲ್ಲಿ. ಮಸ್ಕತ್ತಿನ ಬೌಶರ್ ವಿಲಾಯತ್ತಿಗೆ, ಅಂದರೆ ಇಲ್ಲಿನ ತಾಲೂಕಿಗೆ, ಸೇರಿದ ಊರು. ಸುಲ್ತಾನ್ ಕಾಬೂಸ್ ಹೆದ್ದಾರಿಯಿಂದ ಒಳಗೆ ತಿರುಗಿದರೆ ಬೋಳು ಬೆಟ್ಟಗಳ ಕಡೆಗೆ ಸಾಲು ಸಾಲು ಗ್ಯಾರೇಜು, ಅಲ್ಯೂಮಿನಿಯಂ ವರ್ಕ್‌ಶಾಪು, ಟೈಲ್ಸ್ ಗೋದಾಮು, ಕಟ್ಟಡ ಕಂಪನಿಗಳ ಕಚೇರಿ, ಅವುಗಳ ಹಿಂಬದಿಯಲ್ಲಿ ಕಾರ್ಮಿಕರ ಕ್ಯಾಂಪು. ಶುಕ್ರವಾರ ಇಲ್ಲಿನ ಚರ್ಚ್ ಆವರಣದಲ್ಲಿ ನಿಂತರೆ ಕೊಂಕಣಿ, ತುಳು, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ನಾನು ಒಂದು ಗುತ್ತಿಗೆ ಕಂಪನಿಯಲ್ಲಿ ಲೆಕ್ಕ ಬರೆಯುವವನು. ಕರಾರುಪತ್ರ ಓದಿ ಹೇಳಲು, ಅರ್ಜಿ ತುಂಬಿಕೊಡಲು ಊರ ಕಡೆಯ ಹುಡುಗರು ನನ್ನಲ್ಲಿಗೆ ಬರುತ್ತಾರೆ. ಹಾಗಾಗಿ ಯಾವ ನಿಯಮ ಬಂದರೂ ಅದು ಯಾರ ಹೊಟ್ಟೆಗೆ ಎಲ್ಲಿ ತಾಗುತ್ತದೆ ಎಂಬುದು ಕಾಣುವ ಜಾಗದಲ್ಲಿ ಕೂತಿದ್ದೇನೆ. ಅವರಿಗೆ ನಾನು ಹೇಳುತ್ತ ಬಂದಿರುವ ಮಾತನ್ನೇ ಇಲ್ಲೂ ಹೇಳುತ್ತೇನೆ. ಒಮಾನಿನ ಚುನಾವಣೆ ನೋಡಿ ಹೆದರಬೇಡಿ. ನಮ್ಮ ಊರಿನ ಚುನಾವಣೆಯನ್ನು ಮಾತ್ರ ಹಗುರಾಗಿ ಬಿಡಬೇಡಿ.

ಮೊದಲು ಇಲ್ಲಿನ ಚುನಾವಣೆ. ಶೂರಾ ಮಂಡಳಿ ಹುಟ್ಟಿದ್ದು 1991ರಲ್ಲಿ, ಸುಲ್ತಾನ್ ಕಾಬೂಸರ ಕಾಲದಲ್ಲಿ. 2003ರಿಂದ 21 ವರ್ಷ ತುಂಬಿದ ಎಲ್ಲ ಒಮಾನಿಗಳಿಗೂ ಮತದಾನದ ಹಕ್ಕು. ಪಕ್ಷಗಳಿಲ್ಲ, ಪಕ್ಷದ ಬಾವುಟಗಳೂ ಇಲ್ಲ. ವಿಲಾಯತ್ತಿಗೆ ಒಬ್ಬರು, ಜನಸಂಖ್ಯೆ 30 ಸಾವಿರ ದಾಟಿದ ಕಡೆ ಇಬ್ಬರು. 2023ರ ಅಕ್ಟೋಬರ್ 29ರಂದು 90 ಸ್ಥಾನಗಳಿಗೆ ನಡೆದ ಮತದಾನ ಪೂರ್ತಿ ಮೊಬೈಲ್ ಆ್ಯಪಿನಲ್ಲೇ ಆಯಿತು. ನೋಂದಾಯಿಸಿಕೊಂಡವರಲ್ಲಿ ಶೇ. 65ಕ್ಕೂ ಹೆಚ್ಚು ಮಂದಿ ಮತ ಹಾಕಿದರು. ಅದು ಭಾನುವಾರ, ಇಲ್ಲಿ ವಾರದ ಮೊದಲ ಕೆಲಸದ ದಿನ. ನನ್ನ ಪಕ್ಕದ ಮೇಜಿನ ಒಮಾನಿ ಸಹೋದ್ಯೋಗಿ ಚಹಾ ಆರುವ ಮೊದಲೇ ಫೋನಿನಲ್ಲಿ ಮತ ಹಾಕಿ ಮುಗಿಸಿದ್ದರು. ಯಾವ ವಿಷಯಕ್ಕೆ ಹಾಕಿದಿರಿ ಎಂದು ಕೇಳಿದೆ. ಮಗ ಡಿಪ್ಲೊಮಾ ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದಾನೆ, ಅದನ್ನು ಮಂತ್ರಿಗಳ ಮುಂದೆ ಎತ್ತಿ ಕೇಳುವವರು ಬೇಕು ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಮಧ್ಯಾಹ್ನ ನಾವಿಬ್ಬರೂ ಒಟ್ಟಿಗೇ ಊಟ ಮಾಡಿದೆವು.

ಅದಾಗಿ ಎರಡೇ ದಿನಕ್ಕೆ, ಅಕ್ಟೋಬರ್ 31ರಂದು, ರಾಯಲ್ ಒಮಾನ್ ಪೊಲೀಸ್ ಬಾಂಗ್ಲಾದೇಶೀಯರಿಗೆ ಹೊಸ ವೀಸಾ ಕೊಡುವುದನ್ನು ನಿಲ್ಲಿಸಿತು. ಭೇಟಿಯ ವೀಸಾದಲ್ಲಿ ಬಂದು ಇಲ್ಲಿಯೇ ಅದನ್ನು ಕೆಲಸದ ವೀಸಾಕ್ಕೆ ಬದಲಿಸಿಕೊಳ್ಳುವ ದಾರಿ ಎಲ್ಲ ದೇಶದವರಿಗೂ ಮುಚ್ಚಿತು. ಅಂದು ಸಂಜೆ ಕ್ಯಾಂಪುಗಳಲ್ಲಿ ಹರಡಿದ ಭಯವನ್ನು ನಾನು ಬಲ್ಲೆ. ಎಲ್ಲರೂ ಎರಡು ಘಟನೆಗಳನ್ನು ಗಂಟು ಹಾಕಿಬಿಟ್ಟರು: ಚುನಾವಣೆ ಮುಗಿಯಿತು, ಬಾಗಿಲು ಹಾಕಿದರು, ನಾಳೆ ನಮ್ಮ ಸರದಿ. ಆ ಗಂಟಿಗೆ ಆಧಾರವಿರಲಿಲ್ಲ. ವೀಸಾ ಕೊಡುವುದೂ ನಿಲ್ಲಿಸುವುದೂ ಪೊಲೀಸ್ ಇಲಾಖೆ ಮತ್ತು ಕಾರ್ಮಿಕ ಸಚಿವಾಲಯದ ಕೈಯಲ್ಲಿದೆ. ಶೂರಾ ಸದಸ್ಯರು ಕೇಳಬಹುದು, ಒತ್ತಾಯಿಸಬಹುದು, ಕರಡು ಕಾನೂನಿನ ಮೇಲೆ ಅಭಿಪ್ರಾಯ ಕೊಡಬಹುದು. ಆಜ್ಞೆ ಹೊರಡುವುದು ಅರಮನೆಯಿಂದ, ಆದೇಶ ಹೊರಡುವುದು ಸಚಿವಾಲಯದಿಂದ. ಆದ್ದರಿಂದ ಇಂತಿಂಥವರು ಗೆದ್ದರು, ಇನ್ನು ನಿಯಮ ಹೀಗಾಗುತ್ತದೆ ಎಂದು ಅಮೆರಿಕದ ಲೆಕ್ಕದಲ್ಲಿ ಒಮಾನನ್ನು ಓದಲಾಗದು. ಅಲ್ಲಿ 2025ರ ಜನವರಿ 20ರಂದು ಅಧಿಕಾರ ಹಿಡಿದ ದಿನವೇ ಟ್ರಂಪ್ ವಲಸೆಯ ಕುರಿತ ಆದೇಶಗಳಿಗೆ ಸಹಿ ಹಾಕಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಎಂದರು. ಅಲ್ಲಿ ಮತಪೆಟ್ಟಿಗೆಯಿಂದ ವೀಸಾ ಕಚೇರಿಗೆ ನೇರ ರಸ್ತೆಯಿದೆ. ಇಲ್ಲಿ ಆ ರಸ್ತೆ ಇಲ್ಲ.

ಹಾಗಾದರೆ ಇಲ್ಲಿ ನಿಯಮ ಬದಲಾಗುವುದು ಯಾವುದರಿಂದ? ಹದಿನೈದು ವರ್ಷಗಳ ಹಿಂದಕ್ಕೆ ಹೋದರೆ ಉತ್ತರ ಕಾಣುತ್ತದೆ. 2011ರ ಫೆಬ್ರುವರಿಯಲ್ಲಿ ಸೊಹಾರಿನ ಗ್ಲೋಬ್ ವೃತ್ತದಲ್ಲಿ ಕೆಲಸ ಕೇಳಿ ಯುವಕರು ಕೂತರು. ಗೋಲಿಬಾರಿನಲ್ಲಿ ಸಾವೂ ಆಯಿತು. ಸುಲ್ತಾನರು 50 ಸಾವಿರ ಉದ್ಯೋಗ ಸೃಷ್ಟಿಸಲು, ಕೆಲಸ ಹುಡುಕುವವರಿಗೆ ತಿಂಗಳಿಗೆ 150 ರಿಯಾಲ್ ಭತ್ಯೆ ಕೊಡಲು ಆಜ್ಞೆ ಮಾಡಿದರು. ಶೂರಾ ಮಂಡಳಿಗೆ ಹೆಚ್ಚಿನ ಅಧಿಕಾರ ಸಿಕ್ಕಿದ್ದೂ ಆ ವರ್ಷವೇ. 2013ರಲ್ಲಿ ಖಾಸಗಿ ಕಂಪನಿಗಳಲ್ಲಿ ಒಮಾನಿಗಳ ಕನಿಷ್ಠ ವೇತನ 325 ರಿಯಾಲಿಗೆ ಏರಿತು, ದೇಶದ ಜನಸಂಖ್ಯೆಯಲ್ಲಿ ವಿದೇಶೀಯರ ಪಾಲನ್ನು ಶೇ. 33ಕ್ಕೆ ಮಿತಿಗೊಳಿಸುವ ಗುರಿಯನ್ನೂ ಸರ್ಕಾರ ಪ್ರಕಟಿಸಿತು. ಆಗ ನಮ್ಮ ಪಾಲು ಶೇ. 39ರ ಆಸುಪಾಸಿನಲ್ಲಿತ್ತು. 2018ರ ಜನವರಿಯಲ್ಲಿ 87 ಬಗೆಯ ಹುದ್ದೆಗಳಿಗೆ ಹೊರಗಿನವರ ವೀಸಾ ಆರು ತಿಂಗಳು ನಿಂತಿತು; ಆ ಅವಧಿ ಮುಂದೆಯೂ ಬೆಳೆಯಿತು. 2020ರಲ್ಲಿ ಕೋವಿಡ್ ಮತ್ತು ತೈಲ ಬೆಲೆಯ ಕುಸಿತ ಒಟ್ಟಿಗೇ ಬಂದಾಗ ಎರಡು ಲಕ್ಷಕ್ಕೂ ಹೆಚ್ಚು ವಿದೇಶೀಯರು ಒಮಾನ್ ಬಿಟ್ಟರು. ಆದರೂ 2021ರ ಮೇ ತಿಂಗಳಲ್ಲಿ ಸೊಹಾರಿನಲ್ಲಿ ಮತ್ತೆ ಕೆಲಸ ಕೇಳುವ ಯುವಕರು ಬೀದಿಗಿಳಿದರು. ಈಗಿನ ಸುಲ್ತಾನ್ ಹೈತಂ ಅವರು 32 ಸಾವಿರ ಉದ್ಯೋಗಗಳಿಗೆ ಆಜ್ಞೆ ಹೊರಡಿಸಿದರು. ಕೆಲಸದ ಪರವಾನಗಿ ಶುಲ್ಕ 2021ರಲ್ಲಿ ಭಾರಿಯಾಗಿ ಏರಿತು. ಕಂಪನಿಗಳಿಗೆ ತಾಳಲಾಗದೆ ಹೋಗಿ 2022ರಲ್ಲಿ ಭಾರಿಯಾಗಿಯೇ ಇಳಿಯಿತು.

ಈ ಏರಿಳಿತವನ್ನು ಓದುವವರು ಮೂರು ಕೈಗಳನ್ನು ಗುರುತಿಸಬೇಕು. ಕೆಲಸ ಕೇಳುವ ಒಮಾನಿ ಯುವಜನ ಒಂದು ಕಡೆ ಎಳೆಯುತ್ತಾರೆ. ಕಡಿಮೆ ಸಂಬಳಕ್ಕೆ, ಬಿಟ್ಟು ಹೋಗಲಾಗದ ಕೆಲಸಗಾರ ಬೇಕೆನ್ನುವ ಮಾಲೀಕರು ಇನ್ನೊಂದು ಕಡೆ. ತೈಲದ ಬೆಲೆ ನೋಡುತ್ತ ಖಜಾನೆ ಮೂರನೆಯ ಕಡೆ. ಯಾವ ಕೈ ಆ ವರ್ಷ ಬಲವಾಗಿದೆಯೋ ನಿಯಮ ಆ ಕಡೆ ವಾಲುತ್ತದೆ. ನಮ್ಮ ಕೈ ಎಲ್ಲಿಯೂ ಇಲ್ಲ. ಶೇ. 33ರ ಗುರಿಗೆ ಹತ್ತು ವರ್ಷವಾದ ಮೇಲೆ, 2023ರ ಕೊನೆಯಲ್ಲಿ, ವಿದೇಶೀಯರ ಪಾಲು ಶೇ. 43ರ ಆಸುಪಾಸಿನಲ್ಲಿತ್ತು ಎಂಬುದನ್ನು ಗಮನಿಸಿ. ಯುವಕರ ಕೂಗು ಕಚೇರಿಯ ಹುದ್ದೆಗಳನ್ನು ಮುಟ್ಟಿತು. ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ ಕಬ್ಬಿಣ ಕಟ್ಟುವ ಕೆಲಸವನ್ನು ಯಾರೂ ಕೇಳಲಿಲ್ಲ. 'ಕಳಿಸಿಬಿಡ್ತಾರಾ' ಎಂದು ನನ್ನನ್ನು ಕೇಳಿದ ಹುಡುಗ ಗಾರೆ ಕೆಲಸದವನು. ಅವನಿಗಿಂತ ಅಪಾಯ ಹೆಚ್ಚಿರುವುದು ಲೆಕ್ಕ ಬರೆಯುವ ನನಗೆ, ಮಾನವ ಸಂಪನ್ಮೂಲ ವಿಭಾಗದಲ್ಲಿರುವ ಉಡುಪಿಯ ಹುಡುಗಿಗೆ, ಸೇಲ್ಸ್‌ನಲ್ಲಿರುವ ಭಟ್ಕಳದ ಗೆಳೆಯನಿಗೆ.

ಮಾಲೀಕರ ಕೈ ಎಷ್ಟು ಗಟ್ಟಿ ಎಂಬುದು ನನಗೆ ಅರ್ಥವಾದದ್ದು ಎನ್‌ಒಸಿ ಕಾಲದಲ್ಲಿ. 2014ರ ಜುಲೈಯಿಂದ ಒಂದು ಕಟ್ಟುನಿಟ್ಟು ಬಂತು: ಕೆಲಸ ಬಿಟ್ಟವನಿಗೆ ಹಳೆಯ ಮಾಲೀಕ ಆಕ್ಷೇಪವಿಲ್ಲ ಎಂದು ಬರೆದುಕೊಡದಿದ್ದರೆ ಎರಡು ವರ್ಷ ಒಮಾನಿಗೆ ಮರಳುವಂತಿಲ್ಲ. ಬೈಂದೂರು ಕಡೆಯ ಎಲೆಕ್ಟ್ರಿಷಿಯನ್ ಒಬ್ಬನಿಗೆ ಘಾಲಾದಲ್ಲೇ, ಅವನ ವರ್ಕ್‌ಶಾಪಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಹೆಚ್ಚು ಸಂಬಳದ ಕೆಲಸ ಸಿಕ್ಕಿತು. ಕರಾರು ಮುಗಿದಿತ್ತು, ಸಾಲ ಇರಲಿಲ್ಲ, ತಗಾದೆ ಇರಲಿಲ್ಲ. 'ಅರ್ಬಾಬ್ (ಮಾಲೀಕ) ರಿಲೀಸ್ ಕೊಡುದಿಲ್ಲ ಅಂತಾರೆ ಅಣ್ಣಾ' ಎಂದು ಬಂದ. ಕಾರಣ ಕೇಳಿದರೆ ಅದನ್ನು ಹೇಳಬೇಕೆಂಬ ನಿಯಮವೇ ಇಲ್ಲ. ಅವನು ಊರಿಗೆ ಹೋದ. ಮೂವತ್ತರ ಹರೆಯದ, ಕೈಯಲ್ಲಿ ಕಸುಬಿದ್ದ ಗಂಡಸು ಎರಡು ವರ್ಷ ಶಿರೂರಿನಿಂದ ಕುಂದಾಪುರದವರೆಗೆ ಸಿಕ್ಕ ಸಿಕ್ಕ ಮನೆಗಳಿಗೆ ವಯರಿಂಗ್ ಮಾಡಿಕೊಂಡಿದ್ದ. ತಂಗಿಯ ಮದುವೆ ಮುಂದೆ ಹೋಯಿತು. ಆ ಹೊಸ ಕೆಲಸ ಅವನಿಗಾಗಿ ಕಾಯಲಿಲ್ಲ. ನೋಡಿ, ಈ ನಿಯಮದಿಂದ ಒಬ್ಬನೇ ಒಬ್ಬ ಒಮಾನಿ ಯುವಕನಿಗೂ ಕೆಲಸ ಸಿಗಲಿಲ್ಲ. ಹೊರಗಿನವನನ್ನು ಕಟ್ಟಿಹಾಕಿದರೆ ಅವನು ಅಗ್ಗವಾಗುತ್ತಾನೆ. ಅವನು ಅಗ್ಗವಾದಷ್ಟೂ ಊರಿನವನನ್ನು ನೇಮಿಸಲು ಮಾಲೀಕನಿಗೆ ಮನಸ್ಸು ಬಾರದು. ನಮ್ಮ ಬಿಡುಗಡೆ ಮತ್ತು ಒಮಾನಿ ಹುಡುಗನ ಉದ್ಯೋಗ ಎದುರುಬದುರು ನಿಂತ ಸಂಗತಿಗಳು ಅಂದುಕೊಂಡವರು ಇಲ್ಲಿ ನಿಂತು ಯೋಚಿಸಬೇಕು. 2021ರ ಜನವರಿ 1ರಿಂದ ಎನ್‌ಒಸಿ ರದ್ದಾಯಿತು. ಕರಾರು ಮುಗಿದರೆ ಅಥವಾ ಕೊನೆಗೊಂಡರೆ ಹಳೆಯ ಮಾಲೀಕನ ಕಾಗದವಿಲ್ಲದೆ ಹೊಸ ಕೆಲಸಕ್ಕೆ ಹೋಗಬಹುದು. ಈ ಸುಧಾರಣೆಗೆ ಯಾವ ಚುನಾವಣೆಯೂ ಕಾರಣವಲ್ಲ. ಬೀಗ ಹಾಕಿದ ಮಾರುಕಟ್ಟೆ ತನಗೇ ನಷ್ಟ ಎಂಬುದು ಸರ್ಕಾರಕ್ಕೆ ಮನವರಿಕೆಯಾಗಿತ್ತು. ಇಲ್ಲಿರುವಷ್ಟು ಕಾಲದಲ್ಲಿ ನಾನು ಕಂಡ ಅತ್ಯಂತ ದೊಡ್ಡ ಬದಲಾವಣೆ ಅದು.

2023ರ ಜುಲೈಯಲ್ಲಿ ಹೊಸ ಕಾರ್ಮಿಕ ಕಾನೂನು ಬಂತು, 53/2023ನೆಯ ರಾಜಾಜ್ಞೆ. ವಾರಕ್ಕೆ 40 ಗಂಟೆ ಕೆಲಸ, ತಾಯಂದಿರಿಗೆ 98 ದಿನದ ಹೆರಿಗೆ ರಜೆ, ಸೇವೆ ಮುಗಿದಾಗ ಪ್ರತಿ ವರ್ಷಕ್ಕೆ ಒಂದು ತಿಂಗಳ ಮೂಲವೇತನ. ಮೊದಲು ಆರಂಭದ ಮೂರು ವರ್ಷಗಳಿಗೆ ಅರ್ಧ ತಿಂಗಳದ್ದು ಮಾತ್ರ ಸಿಗುತ್ತಿತ್ತು. ಅದೇ ಕಾನೂನಿನಲ್ಲಿ, ಅದೇ ಹುದ್ದೆಗೆ ಒಮಾನಿಯನ್ನು ತೆಗೆದುಕೊಂಡರೆ ವಿದೇಶೀಯನ ಕರಾರನ್ನು ಕೊನೆಗೊಳಿಸಬಹುದು ಎಂದೂ ಬರೆದಿದೆ. ಎರಡನ್ನೂ ಒಟ್ಟಿಗೆ ಓದಬೇಕು. ಇದ್ದಷ್ಟು ದಿನ ಸರಿಯಾಗಿ ನಡೆಸಿಕೊಳ್ಳುತ್ತೇವೆ, ನಮ್ಮವರು ಸಿದ್ಧರಾದಾಗ ನೀವು ಹೊರಡಬೇಕು, ಇಷ್ಟೇ ಆ ಕಾನೂನಿನ ಮಾತು. ನನಗೆ ಅದರಲ್ಲಿ ಅನ್ಯಾಯ ಕಾಣುವುದಿಲ್ಲ. ಸ್ಥಳೀಯರಿಗೆ ಉದ್ಯೋಗ ಕೊಡಿ ಎಂದು ಬೆಂಗಳೂರಿನಲ್ಲಿ ಸರೋಜಿನಿ ಮಹಿಷಿ ವರದಿಯನ್ನು ಎತ್ತಿ ಹಿಡಿಯುವ ನಾವು, ಮಸ್ಕತ್ತಿನಲ್ಲಿ ಒಮಾನೀಕರಣವನ್ನು ಬೈಯುವುದು ಹೇಗೆ? ಸ್ಥಳೀಯರಿಗೆ ಕೆಲಸ ಕೊಡುವುದಕ್ಕೆ ನನ್ನ ವಿರೋಧವಿಲ್ಲ. ಹೊರಡುವವನಿಗೆ ಬರಬೇಕಾದ ಬಾಕಿ ಪೂರ್ತಿ ಬರಲಿ, ಮಕ್ಕಳ ಶಾಲೆಯ ವರ್ಷ ಮುಗಿಯುವಷ್ಟಾದರೂ ಮುನ್ಸೂಚನೆ ಸಿಗಲಿ ಎಂಬುದು ನನ್ನ ಬೇಡಿಕೆ.

ಚುನಾವಣೆಗೆ ಹೆಚ್ಚು ಬಲವಿದ್ದರೆ ನಮಗೆ ಒಳ್ಳೆಯದಿತ್ತೇ ಎಂದು ಕೇಳುವವರಿಗೆ ಕುವೈತನ್ನು ತೋರಿಸುತ್ತೇನೆ. ಕೊಲ್ಲಿಯ ದೇಶಗಳಲ್ಲಿ ಅತ್ಯಂತ ಗಟ್ಟಿ ದನಿಯ ಸಂಸತ್ತು ಅಲ್ಲಿತ್ತು. 2020ರಲ್ಲಿ, ಭಾರತೀಯರ ಸಂಖ್ಯೆಗೆ ಶೇ. 15ರ ಮಿತಿ ಹಾಕಬೇಕು ಎಂಬ ಪ್ರಸ್ತಾಪ ಅಲ್ಲಿ ಬಂದಾಗ ಕರಾವಳಿಯ ಮನೆಗಳಲ್ಲಿ ನಿದ್ದೆ ಹಾರಿತ್ತು. ಆ ಅಕ್ಟೋಬರಿನಲ್ಲಿ ಪಾಸಾದ ಕಾನೂನಿನಲ್ಲಿ ದೇಶವಾರು ಲೆಕ್ಕ ಉಳಿಯಲಿಲ್ಲ. ವಿದೇಶೀಯರ ವಿರುದ್ಧ ಕಟುವಾಗಿ ಮಾತಾಡಿ ಹೆಸರಾಗಿದ್ದ ಸಫಾ ಅಲ್ ಹಾಶೆಂ ಡಿಸೆಂಬರಿನ ಚುನಾವಣೆಯಲ್ಲಿ ಸೋತರು. 2024ರ ಮೇ ತಿಂಗಳಲ್ಲಿ ಆ ಸಂಸತ್ತನ್ನೇ ಅಮೀರರು ವಿಸರ್ಜಿಸಿದರು. ಮತವಿಲ್ಲದವರ ಬಗ್ಗೆ ಮಾತಾಡಿ ಮತ ಗಳಿಸುವುದು ಎಲ್ಲ ಕಡೆಯೂ ಸುಲಭ. ಇಂಗ್ಲೆಂಡಿನಲ್ಲೂ, ಅಮೆರಿಕದಲ್ಲೂ, ಕುವೈತಿನಲ್ಲೂ. ಹೀಗಾಗಿ ನಾವಿರುವ ನಾಡಿನ ಮತಪೆಟ್ಟಿಗೆಯಿಂದ ನಮಗೆ ರಕ್ಷಣೆ ಬರುವುದಿಲ್ಲ. ಬರಬೇಕಾದರೆ ನಮಗೆ ಮತವಿರುವ ನಾಡಿನಿಂದ ಬರಬೇಕು.

ಅಲ್ಲಿ ನಮ್ಮ ಸ್ಥಿತಿ ಏನು? ಭಾರತದಲ್ಲಿ ಕೆಲಸಕ್ಕಾಗಿ ಹೊರಡುವವರನ್ನು ಕಾಯುವ ಕಾನೂನು 1983ರದ್ದು. ಹತ್ತನೆಯ ತರಗತಿ ಪಾಸಾಗದವನ ಪಾಸ್‌ಪೋರ್ಟಿಗೆ ಒಮಾನೂ ಸೇರಿ 18 ದೇಶಗಳಿಗೆ ಹೋಗುವ ಮುನ್ನ ಸರ್ಕಾರದ ಅನುಮತಿ ಬೇಕು. ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕ ತೆರಿಗೆ ಬಿಟ್ಟು 30 ಸಾವಿರ ರೂಪಾಯಿ. ಇದರ ಎಷ್ಟೋ ಪಟ್ಟು ಕೊಟ್ಟು ಬಂದವರು ನನ್ನ ಎದುರು ಕೂತಿದ್ದಾರೆ. ಅವರ ಮೊದಲ ವರ್ಷದ ದುಡಿಮೆ ಪೂರ್ತಿ ಆ ಸಾಲಕ್ಕೇ. 2020ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರವೇ ಕೊಲ್ಲಿ ದೇಶಗಳಿಗೆ ಹೋಗುವ ಕಾರ್ಮಿಕರಿಗೆ ತಾನು ನಿಗದಿ ಮಾಡಿದ್ದ ಕನಿಷ್ಠ ವೇತನವನ್ನು ಶೇ. 30ರಿಂದ 50ರಷ್ಟು ತಗ್ಗಿಸಿತು. ಕೋವಿಡ್ ಕಾಲದಲ್ಲಿ ಕೆಲಸ ಉಳಿಯಲಿ ಎಂಬ ವಾದ ಅದಕ್ಕಿತ್ತು. ಇಲ್ಲಿ ಮಾಲೀಕರು ಆ ಆದೇಶವನ್ನೇ ತೋರಿಸಿ ಕಡಿಮೆ ಸಂಬಳದ ಕರಾರು ಬರೆಸಿಕೊಳ್ಳುವಂತಾಯಿತು. ತೆಲಂಗಾಣದ ವಲಸಿಗರ ಪರ ಹೋರಾಟಗಾರರು ಅಲ್ಲಿನ ಹೈಕೋರ್ಟಿಗೆ ಹೋದರು. 2021ರ ಜುಲೈಯಲ್ಲಿ ಹಳೆಯ ದರ ಮರಳಿತು. ಬೈಂದೂರಿನ ಹುಡುಗನ ಸಂಬಳವನ್ನೂ ಉಳಿಸಿಕೊಟ್ಟ ಹೋರಾಟ ನಡೆದದ್ದು ಹೈದರಾಬಾದಿನಲ್ಲಿ.

ಮತದ ವಿಷಯಕ್ಕೆ ಬಂದರೆ, 2010ರ ತಿದ್ದುಪಡಿ ಅನಿವಾಸಿ ಭಾರತೀಯರಿಗೆ ಹಕ್ಕು ಕೊಟ್ಟಿದೆ. 6ಎ ಅರ್ಜಿ ತುಂಬಿ ಪಾಸ್‌ಪೋರ್ಟಿನಲ್ಲಿರುವ ಊರಿನ ಪಟ್ಟಿಗೆ ಸೇರಬಹುದು. ಆದರೆ ಮತಗಟ್ಟೆಗೆ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಹೋಗಬೇಕು. ಬದಲಿಗೆ ಇನ್ನೊಬ್ಬರು ಮತ ಹಾಕಲು ಅವಕಾಶ ಕೊಡುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಪಾಸಾಯಿತು, ರಾಜ್ಯಸಭೆಯಲ್ಲಿ ಉಳಿಯಿತು, 2019ರಲ್ಲಿ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. 2020ರಲ್ಲಿ ಚುನಾವಣಾ ಆಯೋಗ ಅಂಚೆ ಮತಕ್ಕೆ ತಾನು ಸಿದ್ಧ ಎಂದು ಕಾನೂನು ಸಚಿವಾಲಯಕ್ಕೆ ಬರೆಯಿತು. ಏನೂ ಆಗಲಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಇಡೀ ದೇಶದಲ್ಲಿ ಹೆಸರು ಬರೆಸಿದ್ದ ಅನಿವಾಸಿ ಮತದಾರರು ಸುಮಾರು 1.19 ಲಕ್ಷ, ಬಂದು ಮತ ಹಾಕಿದವರು 2,958. ಅವರಲ್ಲಿ 2,670 ಮಂದಿ ಕೇರಳದವರು. ಉಳಿದ ದೇಶಕ್ಕೆಲ್ಲ ಸೇರಿ ಮುನ್ನೂರೂ ಇಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿ ಮತ ಹಾಕಿದ ಏಪ್ರಿಲ್ 26 ಶುಕ್ರವಾರ. ನಮಗೆ ಇಲ್ಲಿ ವಾರದ ರಜೆ. ರಜೆ ಇದ್ದರೇನು, ಒಂದು ಮತಕ್ಕಾಗಿ ವಿಮಾನದ ಟಿಕೆಟ್ಟಿಗೆ ಒಂದು ತಿಂಗಳ ಸಂಬಳ ಸುರಿಯಲು ಗಾರೆ ಕೆಲಸದವನಿಂದ ಆಗದು.

ಕೇರಳದವರು ಹೇಗೆ ಹೋದರು? ಅಲ್ಲಿನ ಸಂಘಟನೆಗಳು 'ವೋಟ್ ವಿಮಾನ'ಗಳನ್ನೇ ಏರ್ಪಾಡು ಮಾಡುತ್ತವೆ. ಕಾರಣ ತಿಳಿಯಲು ದೂರ ಹೋಗಬೇಕಿಲ್ಲ, ನಮ್ಮದೇ ಕನ್ನಡದ ಮಂಜೇಶ್ವರ ಸಾಕು. 2016ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಪಿ.ಬಿ. ಅಬ್ದುಲ್ ರಝಾಕ್ ಅವರು ಕೆ. ಸುರೇಂದ್ರನ್ ವಿರುದ್ಧ ಗೆದ್ದದ್ದು 89 ಮತಗಳಿಂದ. ಸೋತವರು ನ್ಯಾಯಾಲಯಕ್ಕೆ ಹೋದಾಗ ಮಾಡಿದ ಆರೋಪಗಳಲ್ಲಿ, ವಿದೇಶದಲ್ಲಿದ್ದವರ ಹೆಸರಿನಲ್ಲೂ ಮತ ಬಿದ್ದಿದೆ ಎಂಬುದು ಒಂದು. ಆ ಅರ್ಜಿಯನ್ನು ಆಮೇಲೆ ಅವರು ಹಿಂದಕ್ಕೆ ಪಡೆದರು. 2021ರಲ್ಲಿ ಎ.ಕೆ.ಎಂ. ಅಶ್ರಫ್ ಗೆದ್ದದ್ದು 745 ಮತಗಳಿಂದ. ಅವರು ಪ್ರಮಾಣವಚನ ತೆಗೆದುಕೊಂಡದ್ದು ಕನ್ನಡದಲ್ಲಿ. ಎಂಬತ್ತೊಂಬತ್ತು ಮತದಲ್ಲಿ ಗೆಲ್ಲುವ ಕ್ಷೇತ್ರದಲ್ಲಿ ಗಲ್ಫಿನವನನ್ನು ಯಾರೂ ಮರೆಯಲಾರರು. ತಲಪಾಡಿ ಗಡಿ ದಾಟಿ ಈಚೆಗೆ ಬಂದರೆ, ದಕ್ಷಿಣ ಕನ್ನಡದಲ್ಲಿ 2024ರ ಅಂತರ ಸುಮಾರು 1.49 ಲಕ್ಷ. ಇಲ್ಲಿ ಗಲ್ಫಿನವನು ಬಂದರೂ ಬಾರದಿದ್ದರೂ ಅಭ್ಯರ್ಥಿಗೆ ವ್ಯತ್ಯಾಸವಿಲ್ಲ.

ಅದರ ಫಲ ಘಾಲಾದ ಒಂದೇ ಕೋಣೆಯಲ್ಲಿ ಕಾಣುತ್ತದೆ. ಮೇಲಿನ ಮಂಚದಲ್ಲಿ ಮಂಜೇಶ್ವರದವನು, ಕೆಳಗಿನ ಮಂಚದಲ್ಲಿ ತಲಪಾಡಿಯ ಈಚೆಯವನು. ಇಬ್ಬರ ಮನೆಗಳ ನಡುವೆ ಕೆಲವೇ ಮೈಲಿ. ಇಬ್ಬರೂ ತುಳು, ಕನ್ನಡ ಆಡುವವರು, ಒಂದೇ ಕಂಪನಿ, ಒಂದೇ ಸಂಬಳ. ಮೇಲಿನವನ ರಾಜ್ಯದಲ್ಲಿ 1996ರಿಂದ ಅನಿವಾಸಿಗಳಿಗೆ ಪ್ರತ್ಯೇಕ ಇಲಾಖೆಯಿದೆ. ಆ ಇಲಾಖೆಯ, ಅಂದರೆ ನೋರ್ಕಾದ, ಗುರುತಿನ ಚೀಟಿ ಅವನ ಜೇಬಿನಲ್ಲಿದೆ. ಪ್ರವಾಸಿ ಕ್ಷೇಮನಿಧಿಗೆ ತಿಂಗಳಿಗೆ 350 ರೂಪಾಯಿ ಕಟ್ಟುತ್ತಿದ್ದಾನೆ. ಅರುವತ್ತು ದಾಟಿದ ಮೇಲೆ ಪಿಂಚಣಿ ಬರುತ್ತದೆ. ಕೆಳಗಿನವನಿಗೆ ಇಂಥ ಯಾವುದೂ ಇಲ್ಲ. ಕರ್ನಾಟಕದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ. ಬಿಜೆಪಿ ಸರ್ಕಾರದಲ್ಲಿ ಕ್ಯಾಪ್ಟನ್ ಗಣೇಶ್ ಕಾರ್ಣಿಕ್, ಕಾಂಗ್ರೆಸ್ ಸರ್ಕಾರದಲ್ಲಿ ಡಾ. ಆರತಿ ಕೃಷ್ಣ ಅದರ ಉಪಾಧ್ಯಕ್ಷರಾದರು. ಸಿಕ್ಕಿಬಿದ್ದವರನ್ನು ಕರೆತರುವಲ್ಲಿ, ಮೃತದೇಹ ಊರು ಮುಟ್ಟಿಸುವಲ್ಲಿ ಆ ಸಮಿತಿ ನೆರವಾಗುತ್ತದೆ. ಆದರೆ ಅದಕ್ಕೆ ಇಲಾಖೆಯ ಅಧಿಕಾರ, ಕಾಯಂ ಸಿಬ್ಬಂದಿ, ಕ್ಷೇಮನಿಧಿ ಇಲ್ಲ. ಸರ್ಕಾರ ಬದಲಾದಾಗ ಉಪಾಧ್ಯಕ್ಷರೂ ಬದಲಾಗುತ್ತಾರೆ. ಪ್ರತ್ಯೇಕ ಸಚಿವಾಲಯ ಬೇಕು ಎಂದು ಅನಿವಾಸಿ ಕನ್ನಡಿಗರ ಸಂಘಗಳು ಮನವಿ ಕೊಡುತ್ತಲೇ ಇವೆ.

ಚುನಾವಣೆಯಿಂದ ಇದು ಬದಲಾಗಬಹುದು ಎಂಬುದಕ್ಕೆ ಪಕ್ಕದ ತೆಲಂಗಾಣವೇ ಸಾಕ್ಷಿ. ಅಲ್ಲಿ 2023ರ ಡಿಸೆಂಬರಿನಲ್ಲಿ ಹೊಸ ಸರ್ಕಾರ ಬಂತು. ಗಲ್ಫಿನಲ್ಲಿ ತೀರಿಹೋದ ಕಾರ್ಮಿಕನ ಕುಟುಂಬಕ್ಕೆ ಐದು ಲಕ್ಷ ರೂಪಾಯಿ ಕೊಡುವ ಆದೇಶ 2024ರ ಸೆಪ್ಟೆಂಬರಿನಲ್ಲಿ ಹೊರಟಿತು. ಅಲ್ಲಿನ ಗಲ್ಫ್ ಕಾರ್ಮಿಕರೂ ವಿಮಾನ ಹತ್ತಿ ಬಂದು ಮತ ಹಾಕಿದವರಲ್ಲ. ಜಗಿತ್ಯಾಲ, ಕರೀಂನಗರ, ನಿಜಾಮಾಬಾದ್ ಹಳ್ಳಿಗಳಲ್ಲಿ ಉಳಿದ ಅವರ ತಾಯಂದಿರು, ಹೆಂಡತಿಯರು ಓಟು ಕೇಳಲು ಬಂದವರನ್ನು ಕೇಳಿದರು. ಹೋರಾಟದ ಸಂಘಗಳು ಆ ಕೇಳಿಕೆಯನ್ನು ಪ್ರಣಾಳಿಕೆಯವರೆಗೆ ಒಯ್ದವು. ನಮ್ಮ ಕರಾವಳಿಯಲ್ಲಿ ಗಲ್ಫಿನ ದುಡ್ಡು ಇಲ್ಲದ ಓಣಿ ಕಡಿಮೆ. ಆದರೂ ಮತ ಕೇಳಲು ಬಂದವರನ್ನು, 'ನಮ್ಮ ಮಗ ಅಲ್ಲಿ ತೀರಿಕೊಂಡರೆ ಯಾರನ್ನು ಕೇಳಬೇಕು?' ಎಂದು ಯಾವ ಅಂಗಳದಲ್ಲೂ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಕರಾವಳಿಯ ಚುನಾವಣೆಯ ಮಾತೆಲ್ಲ ಬೇರೆ ಜಗಳಗಳಿಗೆ ಖರ್ಚಾಗುತ್ತದೆ. ಕ್ಯಾಂಪಿನಲ್ಲಿ ಒಂದೇ ಸ್ಟೌವಿನ ಮೇಲೆ ಅನ್ನ ಬೇಯಿಸಿಕೊಳ್ಳುವ ಹುಡುಗರು ಊರಿನ ಆ ಜಗಳಗಳನ್ನು ಫೋನಿನಲ್ಲಿ ನೋಡುತ್ತ ಕೂರುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈಗ ಹೊಸದಾಗಿ ಎರಡು ಸಂಗತಿಗಳಿವೆ. 2025ರ ಡಿಸೆಂಬರ್ 18ರಂದು ಮಸ್ಕತ್ತಿನಲ್ಲಿ ಭಾರತ ಮತ್ತು ಒಮಾನ್ ಸಮಗ್ರ ಆರ್ಥಿಕ ಸಹಭಾಗಿತ್ವದ ಒಪ್ಪಂದಕ್ಕೆ ಸಹಿ ಹಾಕಿದವು. ಕಂಪನಿಯೊಳಗಿನ ವರ್ಗಾವಣೆಯ ಮೇಲೆ ಬರುವ ಭಾರತೀಯ ಸಿಬ್ಬಂದಿಯ ಮಿತಿ ಶೇ. 20ರಿಂದ 50ಕ್ಕೆ ಏರಿತು. ಲೆಕ್ಕಪತ್ರ, ಎಂಜಿನಿಯರಿಂಗ್, ವೈದ್ಯಕೀಯದಂಥ ಕ್ಷೇತ್ರದವರಿಗೆ ದಾರಿ ಸಲೀಸಾಯಿತು. ನನ್ನಂಥವರಿಗೆ ಸಂತೋಷದ ಸುದ್ದಿಯೇ. ಆದರೆ ಕರಣೆ ಹಿಡಿಯುವವನಿಗೆ ಆ ಒಪ್ಪಂದದಿಂದ ಸಿಗುವುದು ಏನೂ ಇಲ್ಲ. ಅವನ ಭವಿಷ್ಯ ಎರಡನೆಯದರಲ್ಲಿದೆ. 1983ರ ಕಾನೂನಿನ ಜಾಗಕ್ಕೆ ತರಲೆಂದು ವಿದೇಶಾಂಗ ಸಚಿವಾಲಯ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಕರಡು ಮಸೂದೆ ಅದು. ಸಾರ್ವಜನಿಕರು ಅಭಿಪ್ರಾಯ ಹೇಳಲು ನವೆಂಬರ್ 7ರವರೆಗೆ ಸಮಯ ಕೊಟ್ಟಿದ್ದರು. ಘಾಲಾದ ಕ್ಯಾಂಪುಗಳಲ್ಲಿ ನಾನು ಕೇಳಿದವರಲ್ಲಿ ಒಬ್ಬರಿಗೂ ಅದರ ಸುದ್ದಿ ಮುಟ್ಟಿರಲಿಲ್ಲ. ಕನ್ನಡದಲ್ಲಿ ಅದನ್ನು ಅವರಿಗೆ ವಿವರಿಸಿ ಹೇಳಿದವರೂ ಇರಲಿಲ್ಲ.

ಹೀಗಾಗಿ ನನ್ನನ್ನು ಕೇಳುವವರಿಗೆ ಮೊದಲು ಕೈಯಲ್ಲಿರುವುದನ್ನು ನೋಡಿಕೊಳ್ಳಲು ಹೇಳುತ್ತೇನೆ: ಕರಾರು ಎಂದು ಮುಗಿಯುತ್ತದೆ, ಬತಾಕಾ (ಇಲ್ಲಿನ ನಿವಾಸಿ ಚೀಟಿ) ಯಾವಾಗ ನವೀಕರಣ, ಸಂಬಳ ಬ್ಯಾಂಕಿಗೆ ಬರುತ್ತಿದೆಯೇ. ಆಮೇಲೆ ಮನೆಗೆ ಫೋನು ಮಾಡಲು ಹೇಳುತ್ತೇನೆ. ಶೂರಾ ಮಂಡಳಿಯ ಮುಂದಿನ ಚುನಾವಣೆ 2027ರಲ್ಲಿ. ಅದು ಒಮಾನಿಗಳ ಮನೆಯ ಮಾತು, ಅವರಿಗೆ ಒಳಿತಾಗಲಿ. ಕರ್ನಾಟಕದ ವಿಧಾನಸಭಾ ಚುನಾವಣೆ 2028ರಲ್ಲಿ. ಅಷ್ಟರೊಳಗೆ ಭಟ್ಕಳ, ಬೈಂದೂರು, ಕಾಪು, ಉಳ್ಳಾಲದ ಅಂಗಳಗಳಲ್ಲಿ ಮೂರು ಪ್ರಶ್ನೆಗಳು ಎದ್ದು ನಿಲ್ಲಬೇಕು. ಮೂವತ್ತು ಸಾವಿರಕ್ಕಿಂತ ಹೆಚ್ಚು ಕಿತ್ತುಕೊಳ್ಳುವ ಏಜೆಂಟರ ಮೇಲೆ ನಮ್ಮ ಜಿಲ್ಲೆಯಲ್ಲಿ ದೂರು ತೆಗೆದುಕೊಳ್ಳುವ ಅಧಿಕಾರಿ ಯಾರು? ಮಂಜೇಶ್ವರದವನಿಗೆ ಇರುವ ಕ್ಷೇಮನಿಧಿ ತಲಪಾಡಿಯವನಿಗೆ ಯಾವಾಗ? ಕರಡು ಮಸೂದೆ ಸಂಸತ್ತಿನ ಮುಂದೆ ಬಂದಾಗ, ಮೋಸ ಹೋದ ಕಾರ್ಮಿಕ ತಾನೇ ನೇರವಾಗಿ ದೂರು ಕೊಡುವ ಹಕ್ಕು ಅದರಲ್ಲಿ ಇರುವಂತೆ ನಮ್ಮ ಕರಾವಳಿಯ ಸಂಸದರು ಎದ್ದು ಕೇಳುತ್ತಾರೋ ಇಲ್ಲವೋ?